ಕೂಸು ಮಲಗಿದಾಗಲೇ ಕೂಗುವ ಕಾಲಿಂಗ್ ಬೆಲ್ಲಿನವರಿಗೆ

ಬೆಟಗೇರಿಯ ಮಗ್ಗದವರ ಓಣಿಯಲ್ಲಿ, ಕೊಟ್ರೇಶ ಅವರ ಮನೆಯ ಮೇಲಂತಸ್ತಿನಲ್ಲಿ, ಒಂದೇ ಒಂದು ಮೊಳೆಯ ಆಧಾರದ ಮೇಲೆ ಗೋಡೆಗೆ ಆತುಕೊಂಡು ಇಡೀ ಓಣಿಯನ್ನು ಆಳುತ್ತಿರುವ ಕಾಲಿಂಗ್ ಬೆಲ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಲಕ್ಷ್ಮೇಶ್ವರದಿಂದ ಸುಶ್ಮಿತಾ ಮಾಡುವ ಶರಣು ಶರಣಾರ್ಥಿ. ಇತ್ತ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಹೋದ ಶನಿವಾರ ಮತ್ತು ರವಿವಾರ ತಮ್ಮ ಗಂಟಲು ಎಷ್ಟು ಗಟ್ಟಿಮುಟ್ಟಾಗಿದೆ ಎಂಬುದನ್ನು ನಾನು, ನನ್ನ ಕೈಗೂಸು ಪಾರಿ ಮತ್ತು ತಮ್ಮ ಓಣಿಯ ಸಕಲ ಸದ್ಭಕ್ತರು ಕಿವಿತುಂಬ ಕೇಳಿದ್ದೇವೆ. ತಮ್ಮ ದನಿ ಹೆಂಗಸಿನದಾದ್ದರಿಂದ ಶ್ರೀಮತಿ ಎಂದು ಬರೆಯಬೇಕೋ ಕುಮಾರಿ ಎಂದು ಬರೆಯಬೇಕೋ ತಿಳಿಯದೆ ಬರೀ ಮಾನ್ಯರೇ ಎಂದಿದ್ದೇನೆ. ತಪ್ಪಾಗಿದ್ದರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು. ತಮ್ಮ ಹೊಟ್ಟೆಯಲ್ಲಿ ಸದ್ಯಕ್ಕೆ ಜಾಗ ಖಾಲಿಯೇ ಇದೆ. ಅದು ಹೇಗೆ ಖಾಲಿಯಾಯಿತು ಎಂಬುದೇ ಈ ಪತ್ರದ ವಿಷಯ.

ನಾನು ತಮ್ಮ ಮನೆಯೊಡತಿ, ಕೊಟ್ರೇಶ ಅವರ ಹೆಂಡತಿ ಕಾಂಚನಾಳ ಗೆಳತಿ. ಗದಗಿನಲ್ಲಿ ಕಾಲೇಜು ಓದುವಾಗ ಕಾಂಚನಾ, ನಾನು ಮತ್ತು ಮುಂಡರಗಿಯ ವಿದ್ಯಾಶ್ರೀ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಒಂದೇ ಕಾಗದದ ಪೊಟ್ಟಣದಲ್ಲಿ ಗಿರ್ಮಿಟ್ ತಿಂದವರು, ಒಬ್ಬಳ ಚಪ್ಪಲಿ ಇನ್ನೊಬ್ಬಳು ಮೆಟ್ಟಿಕೊಂಡು ತಿರುಗಿದವರು. ಅಂಥ ವಿದ್ಯಾಶ್ರೀ ನನ್ನ ಮಗಳ ಹೆಸರಿಡುವ ಕಾರ್ಯಕ್ಕೆ ಬರಲಿಲ್ಲ. ಏಕೆ ಬರಲಿಲ್ಲವೆಂದರೆ ನಮ್ಮ ಕಡೆ ಅಂಥ ಕಾರ್ಯಕ್ಕೆ ಮನೆಗೆ ಹೋಗಿ, ಹಣೆಗೆ ಕುಂಕುಮ ಹಚ್ಚಿ, ಬಾಯಿತುಂಬ ಬಾ ಎಂದು ಕರೆಯಬೇಕು. ಕಾರ್ಯ ನಡೆದದ್ದು ಶಿರಹಟ್ಟಿಯ ನನ್ನ ತವರುಮನೆಯಲ್ಲಿ. ನಾನು ಕಿವಿಗೆ ಬಟ್ಟೆ ಕಟ್ಟಿಕೊಂಡು ಬಾಣಂತಿ ಕೋಣೆಯಲ್ಲಿ ಕೂತವಳು. ತವರಿನವರು ಎಲ್ಲ ಊರು ತಿರುಗಿ ಕರೆದರು, ಮುಂಡರಗಿಗೆ ಮಾತ್ರ ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎನ್ನುವಷ್ಟರಲ್ಲಿ ತೊಟ್ಟಿಲು ಕಟ್ಟುವ ದಿನವೇ ಬಂತು. ನಾನು ಗಡಿಬಿಡಿಯಲ್ಲಿ ಮೊಬೈಲಿಗೆ ಒಂದು ಆಮಂತ್ರಣದ ಚಿತ್ರ ಕಳಿಸಿ, ಕೆಳಗೆ ಕೈಮುಗಿದ ಗುರುತು ಹಾಕಿದೆ. ಅವಳೂ ತಿರುಗಿ ಒಂದು ಕೈಮುಗಿದ ಗುರುತು ಕಳಿಸಿದಳು. ಅಲ್ಲಿಂದ ಮುಂದೆ ನಮ್ಮ ಸ್ನೇಹ ಆ ಎರಡು ಜೊತೆ ಮುಗಿದ ಕೈಗಳ ಮೇಲೆಯೇ ನಿಂತಿತ್ತು. ಕೂಸು ನೋಡಲು ಬರಲಿಲ್ಲವೆಂದು ನನಗೆ ಸಿಟ್ಟು, ಕರೆಯಲು ಬರಲಿಲ್ಲವೆಂದು ಅವಳಿಗೆ ಸಿಟ್ಟು. ಪಾರಿ ಬೋರಲು ಬಿದ್ದಳು, ತೆವಳಿದಳು, ಒಂದು ಹಲ್ಲು ಬಂತು, ಇದಾವುದೂ ವಿದ್ಯಾಶ್ರೀಗೆ ಗೊತ್ತಿಲ್ಲ ಎಂಬುದನ್ನು ನೆನೆದರೆ ನನಗೆ ಅನ್ನ ಸೇರುತ್ತಿರಲಿಲ್ಲ.

ಕಡೆಗೆ ಕಾಂಚನಾ ನಡುವೆ ಬಂದು ಒಂದು ಪಂಚಾಯತಿ ಗೊತ್ತುಮಾಡಿದಳು. ನಾನು ಶನಿವಾರವೇ ಕೂಸನ್ನು ಕರೆದುಕೊಂಡು ಅವಳ ಮನೆಗೆ ಬರಬೇಕು, ರವಿವಾರ ಮಧ್ಯಾಹ್ನ ವಿದ್ಯಾಶ್ರೀ ಬರಬೇಕು, ಮೂವರೂ ಕೂಡಿ ಉಣ್ಣಬೇಕು. ವಿದ್ಯಾಶ್ರೀ ಒಪ್ಪಿದಳು, ಆದರೆ ಫೋನಿನಲ್ಲಿ ಕಾಂಚನಾಳಿಗೆ ಒಂದು ಷರತ್ತು ಹಾಕಿದಳು: "ಬಾಗಲತನಾ ಬರ್ತೀನಿ. ಆಕಿ ಬಂದು ಒಳಗ ಕರದ್ರ ಕಾಲಿಡ್ತೀನಿ, ಇಲ್ಲಂದ್ರ ಅಲ್ಲಿಂದ್ಲೇ ಹೊಳ್ಳತೀನಿ." ಇದನ್ನು ಕೇಳಿದ ನನ್ನ ಅತ್ತೆ ಗುರುಸಿದ್ದವ್ವ, ಮೊಬೈಲಿನಲ್ಲಿ ಕರೆದದ್ದು ಕರೆದಂತೆಯೇ ಅಲ್ಲ ಎಂದು ಮತ್ತೊಮ್ಮೆ ನನಗೆ ಬುದ್ಧಿ ಹೇಳಿ, ದೇವರ ಜಗುಲಿಯಿಂದ ಹಿತ್ತಾಳೆಯ ಕುಂಕುಮದ ಭರಣಿಯನ್ನೇ ತೆಗೆದು ನನ್ನ ಚೀಲಕ್ಕೆ ಹಾಕಿದರು, ಅವಳು ಹೊಸ್ತಿಲು ದಾಟುವ ಮೊದಲು ಹಚ್ಚಬೇಕು, ದಾಟಿದ ಮೇಲೆ ಹಚ್ಚಿದರೆ ಉಪಯೋಗವಿಲ್ಲ ಎಂದು ತಾಕೀತು ಮಾಡಿದರು.

ಮಾನ್ಯರೇ, ಒಂದು ಕೈಗೂಸನ್ನು ಕಟ್ಟಿಕೊಂಡು ಎರಡು ದಿನದ ಮಟ್ಟಿಗೆ ಪಟ್ಟಣಕ್ಕೆ ಬರುವುದೆಂದರೆ ಏನೆಂಬುದು ಗೋಡೆ ಬಿಟ್ಟು ಕದಲದ ತಮಗೆ ತಿಳಿದಿರಲಾರದು. ನನ್ನದು ಒಂದು ಸೀರೆ, ಪಾರಿಯದು ಎರಡು ಚೀಲ. ಬಸ್ಸಿನಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಕೂತವಳೊಬ್ಬಳು ಕೂಸನ್ನು ಇತ್ತ ಕೊಡಿ ಎಂದಳು, ಅವಳು ಯಳವತ್ತಿಯಲ್ಲಿ ಇಳಿಯುವಾಗ ಪಕ್ಕದವಳ ತೊಡೆಗೆ ದಾಟಿಸಿದಳು, ಆಕೆ ಹಿಂದಿನವಳಿಗೆ ಕೊಟ್ಟಳು, ಹೀಗೆ ಮಲ್ಲಸಮುದ್ರ ಬರುವ ಹೊತ್ತಿಗೆ ನಾನು ಮುಂದಿನ ಬಾಗಿಲ ಹತ್ತಿರ ಕಂಬ ಹಿಡಿದು ಜೋತಾಡುತ್ತಿದ್ದೆ, ನನ್ನ ಮಗಳು ಕಟ್ಟಕಡೆಯ ಸೀಟಿನಲ್ಲಿ ಯಾರದೋ ಬಳೆ ಚೀಪುತ್ತ ಸುಖವಾಗಿದ್ದಳು. ಗದಗಿನಲ್ಲಿ ಇಳಿಯುವಾಗ ಅವಳನ್ನು ಬಿಡಿಸಿಕೊಳ್ಳಲು ನಾನೇ ತಾಯಿ ಎಂದು ಸಾಧಿಸಬೇಕಾಯಿತು. ಅಷ್ಟಾದರೂ ದಾರಿಯುದ್ದಕ್ಕೂ ಅವಳು ಒಂದು ಸಲವೂ ಅಳಲಿಲ್ಲ. ಅಳುವನ್ನೆಲ್ಲ ತಮಗಾಗಿ ಮೀಸಲಿಟ್ಟಿದ್ದಳೆಂದು ಈಗ ತಿಳಿಯುತ್ತದೆ.

ತಮ್ಮ ಮೊದಲ ದರ್ಶನವನ್ನು ಮರೆಯುವಂತಿಲ್ಲ. ಹೊರಗಿನ ಮೆಟ್ಟಿಲು ಹತ್ತಿ ಬಂದು ಬಾಗಿಲ ಪಕ್ಕದ ಗುಂಡಿ ಒತ್ತಿದೆ. ಗುಂಡಿಯಲ್ಲಿ ನೀಲಿ ದೀಪ ಹತ್ತಿತು. ಒಳಗೆ ಒಂದು ಗುಬ್ಬಿಗಳ ಹಿಂಡು ಚಿಲಿಪಿಲಿ ಮಾಡಿ ಹಾರಿಹೋದ ಮೇಲೆ ತಾವು ಹಿಂದಿಯಲ್ಲಿ "ಕೃಪಯಾ ದರವಾಜಾ ಖೋಲಿಯೇ" ಎಂದು ಬಾಗಿಲು ತೆರೆಯಲು ಒಮ್ಮೆ ಬೇಡಿಕೊಂಡಿರಿ, ಯಾರೂ ಇಲ್ಲವೆನ್ನಲು ಅವಕಾಶವನ್ನೇ ಕೊಡದೆ ಇನ್ನೊಮ್ಮೆ ಬೇಡಿಕೊಂಡಿರಿ. ಹೆಗಲ ಮೇಲೆ ಆಗತಾನೆ ಕಣ್ಣು ಮುಚ್ಚಿದ್ದ ಪಾರಿ ಬೆಚ್ಚಿ ಎದ್ದು ಓಣಿಗೆಲ್ಲ ಕೇಳುವಂತೆ ತಮಗೆ ಉತ್ತರ ಕೊಟ್ಟಳು. ಕೆಳಗಿನ ಮಗ್ಗಗಳ ಖಟಖಟದಲ್ಲಿ ಯಾರು ಕೂಗಿದರೂ ಮೇಲೆ ಕೇಳುವುದಿಲ್ಲವೆಂದು ಕೊಟ್ರೇಶ ತಮ್ಮನ್ನು ತಂದದ್ದಂತೆ. ತಂದವನು ಸುಮ್ಮನಿರಲಿಲ್ಲ, ವಿಭೂತಿ ಹಚ್ಚಿ, ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಿ, ಬಂದವರಿಗೆಲ್ಲ ತಮ್ಮನ್ನು ತೋರಿಸಿ, ಒತ್ತಿ ನೋಡಿರಿ ಎಂದು ಒತ್ತಾಯ ಮಾಡುತ್ತಾನೆ. ಹೆಂಡತಿಯನ್ನು ಅವನು ಅಷ್ಟು ಹೊಗಳಿದ್ದನ್ನು ನಾನಂತೂ ಕೇಳಿಲ್ಲ.

ಇನ್ನು ತಮ್ಮ ಓಣಿಯವರ ಸಂಗತಿ. ಹೊಸ ಕೂಸು ಓಣಿಗೆ ಬಂದಿದೆ ಎಂದರೆ ನೋಡದೆ ಇರುವವರು ಯಾರು? ಅದೂ ಬರಿಗೈಯಲ್ಲಿ ನೋಡಬಾರದು. ಆದ್ದರಿಂದ ಪ್ರತಿಯೊಬ್ಬರೂ ಮೊದಲು ಒಮ್ಮೆ ಬಂದು, ಗುಂಡಿ ಒತ್ತಿ, ಕೂಸು ಎದ್ದಿದೆಯೇ ಎಂದು ವಿಚಾರಿಸಿ (ತಾವಿರುವಾಗ ಎದ್ದೇ ಇರುತ್ತದೆ), ಹಾಗಾದರೆ ಬಂದೆ ಎಂದು ಮನೆಗೆ ಹೋಗಿ, ಸಕ್ಕರೆಯನ್ನೋ ಕುಲಾಯಿಯನ್ನೋ ಕೊಬ್ಬರಿ ಬಟ್ಟಲನ್ನೋ ಹಿಡಿದು ತಿರುಗಿ ಬಂದು, ಬಾಗಿಲು ತೆರೆದೇ ಇದ್ದರೂ ಮತ್ತೆ ಗುಂಡಿ ಒತ್ತುತ್ತಿದ್ದರು. ಕೆಳಗಿನ ಮನೆಯ ಮಾಸುಮಬಿ ಒಂದು ಕೈಯಲ್ಲಿ ಪಾರಿಯ ಕೆನ್ನೆ ಸವರುತ್ತಲೇ ಇನ್ನೊಂದು ಕೈಯಿಂದ ಗುಂಡಿ ಒತ್ತಿದ್ದನ್ನು ನಾನು ಕಣ್ಣಾರೆ ಕಂಡೆ. ಮುದುಕಿ ತಿಪ್ಪವ್ವನಂತೂ ತಮ್ಮ ಮಾತು ಮುಗಿಯುವ ತನಕ ಹೊಸ್ತಿಲ ಹೊರಗೆ ಮರ್ಯಾದೆಯಿಂದ ನಿಂತಿದ್ದು, ಒಳಗೆ ಬಂದು, ಆ ಹೆಣ್ಣುಮಗಳು ಯಾರು, ಒಳಗೆ ಕೂತು ಮಾತಾಡುತ್ತಾಳೆ, ಹೊರಗೆ ಬಂದು ಮುಖ ತೋರಿಸುವುದಿಲ್ಲ, ಬಹಳ ಸೊಕ್ಕಿನವಳಲ್ಲವೇ ಎಂದು ಕೇಳಿದಳು. ತಿಪ್ಪವ್ವನ ಅಭಿಪ್ರಾಯಕ್ಕೆ ನನ್ನ ಪೂರ್ಣ ಸಮ್ಮತಿ ಇದೆ.

ಹೀಗೆ ಶನಿವಾರ ಸಂಜೆಯಿಡೀ ಪಾರಿ ಕಣ್ಣು ಮುಚ್ಚುವುದು, ತಾವು ಬಾಗಿಲು ತೆರೆಯಿರಿ ಎನ್ನುವುದು, ಅವಳು ಬಾಗಿಲಿಗಿಂತ ದೊಡ್ಡದಾಗಿ ಬಾಯಿ ತೆರೆಯುವುದು, ಇದೇ ನಡೆಯಿತು. ಮಗ್ಗದ ಸದ್ದಿಗೆ ಅವಳು ಹೂಂ ಅನ್ನಲಿಲ್ಲ, ಲಾರಿಯ ಹಾರ್ನಿಗೆ ರೆಪ್ಪೆ ಅಲುಗಿಸಲಿಲ್ಲ, ಒಲೆಯ ಮೇಲಿನ ಕುಕ್ಕರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಮ್ಮ ವಿನಯ ಒಂದನ್ನೇ ಅವಳು ಸಹಿಸಲಾರಳು. ಕಾಂಚನಾಳ ಜೊತೆ ಕೂತು ಒಂದು ಪೂರ್ತಿ ವಾಕ್ಯ ಆಡಲು ಆಗದೆ, ಅವಳು ಕೊಟ್ಟ ಚಹಾವನ್ನು ಪ್ರತಿ ಸಲವೂ ಆರಿದ ಮೇಲೆಯೇ ಕುಡಿಯುತ್ತ, ಇದಕ್ಕಾಗಿಯೇ ಬಂದೆನೇ ಎಂದು ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ನಾನು ತಮ್ಮ ಮುಂದೆ ಮುಚ್ಚಿಡುವುದಿಲ್ಲ.

ರವಿವಾರ ಬೆಳಿಗ್ಗೆ ಕೊಟ್ರೇಶ ಕಳಸಾಪುರದ ನೆಂಟರ ಮನೆಗೆ ಹೋದ. ತಿಪ್ಪವ್ವ ಬಂದು ಪಾರಿಯನ್ನು ತನ್ನ ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಸೀರೆಯ ಜೋಳಿಗೆಯಲ್ಲಿ ಹಾಕಿ ಹೋದಳು. ಪಾರಿ ಎಂಥ ನಿದ್ದೆ ಹೋದಳೆಂದರೆ ಬಾಯಿಯೊಳಗಿನ ಹೆಬ್ಬೆರಳು ತಾನಾಗಿ ಜಾರಿ ಎದೆಯ ಮೇಲೆ ಬಿತ್ತು. ಕಾಂಚನಾ ಅಡುಗೆಮನೆಯಲ್ಲಿ ಗೋದಿ ಹುಗ್ಗಿ ತಿರುವುತ್ತಿದ್ದಳು. ನಾನು ಜೋಳಿಗೆಯ ಕಡೆ ನೋಡಿದೆ, ತಮ್ಮ ಕಡೆ ನೋಡಿದೆ. ತಮ್ಮನ್ನು ಮೊಳೆಯಿಂದ ಇಳಿಸಿ, ಬೆನ್ನಿನ ಮುಚ್ಚಳ ಸರಿಸಿ, ಒಳಗಿದ್ದ ಜೋಡಿ ಸೆಲ್ ತೆಗೆದು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು, ಮತ್ತೆ ಮೊದಲಿನಂತೆಯೇ ನೇತುಹಾಕಿದೆ. ವಿದ್ಯಾಶ್ರೀ ಬರುವುದನ್ನು ಕಿಟಕಿಯಲ್ಲಿ ಕೂತು ಕಾಯುತ್ತೇನೆ, ಬೀದಿಯಲ್ಲಿ ಅವಳ ತಲೆ ಕಂಡೊಡನೆ ಭರಣಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ ಎಂಬುದು ನನ್ನ ಯೋಜನೆ. ಯೋಜನೆಯಲ್ಲಿ ಯಾವ ದೋಷವೂ ಇರಲಿಲ್ಲ.

ಆದರೆ ಅಷ್ಟರಲ್ಲಿ ಕಾಂಚನಾ ಚಹಾ ತಂದಳು. ಬಿಸಿ ಚಹಾ, ಮಾನ್ಯರೇ! ಪಾರಿ ಹುಟ್ಟಿದಂದಿನಿಂದ ನಾನು ಬಾಯಿ ಸುಟ್ಟುಕೊಂಡಿರಲಿಲ್ಲ. ಕಪ್ಪಿನಿಂದ ಬಸಿಗೆ ಸುರಿದು, ಊದಿ, ಒಂದು ಗುಟುಕು ಹೀರಿದೆನೋ ಇಲ್ಲವೋ, ಕಾಂಚನಾ ಹಾಸ್ಟೆಲಿನ ವಾರ್ಡನ್ ಬಾಯಿ ನಮ್ಮ ಕೋಣೆಯ ಮಂಚದ ಕೆಳಗೆ ಮಿರ್ಚಿಯ ಪೊಟ್ಟಣ ಹಿಡಿದ ದಿನವನ್ನು ನೆನಪು ಮಾಡಿದಳು. ಅವತ್ತು ಅದು ಔಷಧಿ ಎಂದು ವಿದ್ಯಾಶ್ರೀ ಮುಖ ಬಿಗಿಹಿಡಿದು ಹೇಳಿದ್ದನ್ನು ಹೇಳಿ ಹೇಳಿ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಿಟಕಿ ಅದರ ಪಾಡಿಗೆ ಅದಿತ್ತು. ಮೈಮರೆತದ್ದು ನಾನೇ ಎಂದು ಯಾರಾದರೂ ಅಂದಾರು. ಆದರೆ ಹಿಂದಿನ ದಿನ ತಾವು ನಮಗೆ ಮಾತಾಡಲು ಬಿಟ್ಟಿದ್ದರೆ ಈ ನಗು ಶನಿವಾರವೇ ಮುಗಿದುಹೋಗುತ್ತಿತ್ತು ಎಂಬುದನ್ನು ತಾವು ಒಪ್ಪಲೇಬೇಕು.

ನಾವು ಹಾಗೆ ಅವಳ ಹೆಸರು ಹೇಳಿ ನಗುತ್ತಿರುವಾಗಲೇ ವಿದ್ಯಾಶ್ರೀ ಮೆಟ್ಟಿಲು ಹತ್ತಿ ಬಂದು ಬಾಗಿಲ ಮುಂದೆ ನಿಂತಿದ್ದಳು. ಇದು ನನಗೆ ಆಮೇಲೆ ತಿಳಿದದ್ದು. ಊಟದ ಹೊತ್ತಾಗಿ ಮಗ್ಗಗಳು ನಿಂತಿದ್ದವು. ಅವಳು ಗುಂಡಿ ಒತ್ತಿದಳು. ಇಲ್ಲಿ ತಮ್ಮ ದೊಡ್ಡ ಮೋಸವೊಂದನ್ನು ಬಯಲು ಮಾಡುತ್ತಿದ್ದೇನೆ: ತಮ್ಮ ಹೊಟ್ಟೆಯ ಸೆಲ್ ತೆಗೆದರೂ ಹೊರಗಿನ ಗುಂಡಿಗೆ ಬೇರೆಯದೇ ಸೆಲ್ ಇದೆ, ಅದರ ನೀಲಿ ದೀಪ ಎಂದಿನಂತೆ ಹತ್ತಿ, ಬಂದವರ ಆಗಮನವನ್ನು ಒಳಗೆ ತಿಳಿಸಲಾಗಿದೆ ಎಂಬಂತೆ ಸುಳ್ಳು ಹೇಳಿತು. ಅವಳು ಕಾದಳು. ಬಾಗಿಲ ಹೊರಗೆ ನನ್ನ ಚಪ್ಪಲಿ. ಅದರ ಗುರುತು ಅವಳಿಗಿಲ್ಲದೆ ಯಾರಿಗಿರಬೇಕು? ಒಳಗೆ ನಮ್ಮ ನಗು. ಮತ್ತೆ ಒತ್ತಿದಳು, ಮತ್ತೆ ದೀಪ ಹತ್ತಿತು, ಮತ್ತೆ ನಗು ಕೇಳಿತು. ಬೇರೆ ದಿನವಾಗಿದ್ದರೆ ಬಾಗಿಲು ಬಡಿಯುತ್ತಿದ್ದಳು, ಬೈಯುತ್ತಲೇ ಒಳಗೆ ನುಗ್ಗುತ್ತಿದ್ದಳು. ಆದರೆ ಕರೆದರೆ ಮಾತ್ರ ಕಾಲಿಡುತ್ತೇನೆ ಎಂದು ಮಾತು ಆಡಿದವಳು ಬಾಗಿಲು ಬಡಿಯುವುದು ಹೇಗೆ? ಇನ್ನೂ ಒಮ್ಮೆ ಒತ್ತಿ ನೋಡಿ, ಪಾರಿಗೆಂದು ತಾನೇ ಹೊಲಿದು ತಂದಿದ್ದ ಕುಂಚಿಗೆಯ ಚೀಲವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಅವಳು ಮೆಟ್ಟಿಲು ಇಳಿದಳು. ಅಲ್ಲಿಂದಲೇ ಹೊಳ್ಳುತ್ತೇನೆ ಎಂದವಳು ದಾದಾಪೀರನ ಆಟೋವನ್ನು ಕೆಳಗೆ ನಿಲ್ಲಿಸಿಕೊಂಡೇ ಮೇಲೆ ಬಂದಿದ್ದಳು.

ಆಗ ಪಾರಿ ಎದ್ದಳು. ಯಾರೂ ಎಬ್ಬಿಸಲಿಲ್ಲ. ಮಗ್ಗವೂ ಇಲ್ಲ, ತಾವೂ ಇಲ್ಲ, ಇದೇನು ಇಷ್ಟು ಸುಮ್ಮನಿದೆ ಎಂಬ ಸಂಶಯಕ್ಕೇ ಎದ್ದಿರಬೇಕು. ಎದ್ದವಳು ಹಿಂದಿನ ದಿನದ ಅಳುವನ್ನೆಲ್ಲ ಕೂಡಿಸಿ ಒಮ್ಮೆಲೇ ಅತ್ತಳು. ಎತ್ತಿಕೊಂಡೆ, ಕುಣಿಸಿದೆ, ಗೋಡೆಯ ಹಲ್ಲಿ ತೋರಿಸಿದೆ, ಯಾವುದೂ ನಡೆಯಲಿಲ್ಲ. ಶನಿವಾರದಿಂದ ಅವಳ ಕಣ್ಣು ಕಪಾಟಿನ ಮೇಲಿನ ಕುಂಕುಮದ ಭರಣಿಯ ಮೇಲೆಯೇ ಇತ್ತು, ಅದನ್ನು ಕೈಗೆ ಕೊಟ್ಟ ಕ್ಷಣವೇ ಅಳು ನಿಂತಿತು. ಗಾಳಿಗೆಂದು ಗ್ಯಾಲರಿಗೆ ಕರೆದೊಯ್ದು, ನೋಡು ಪಾರಿ, ಕೆಳಗೆ ಆಟೋ ನೋಡು ಎಂದು ತೋರಿಸುವಷ್ಟರಲ್ಲಿ ಭರಣಿಯ ಮುಚ್ಚಳ ಹಾರಿ, ಅತ್ತೆಯವರು ದೇವರ ಜಗುಲಿಯಿಂದ ತೆಗೆದುಕೊಟ್ಟ ಕುಂಕುಮವೆಲ್ಲ ಅವಳ ಮೈಮೇಲೆ ಸುರಿಯಿತು. ಅವಳ ಕೈ ಬಾಯಿಗೆ ಹೋಗದಂತೆ ಹಿಡಿದುಕೊಂಡು ಕೆಳಗೆ ನೋಡಿದರೆ, ಆಟೋದಲ್ಲಿ ಕೂತಿದ್ದವಳು ವಿದ್ಯಾಶ್ರೀ. ದಾದಾಪೀರ ಗಾಡಿ ಚಾಲೂ ಮಾಡಿದ್ದ.

ಮಾನ್ಯರೇ, ಈ ಪತ್ರದಲ್ಲಿ ನಾನು ಎಷ್ಟು ಸಭ್ಯಳೆಂಬುದನ್ನು ತಾವು ನೋಡುತ್ತಿದ್ದೀರಿ. ಆದರೆ ಆಗ ನಾನು ಗ್ಯಾಲರಿಯ ಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿ ಕೂಗಿದ ಕೂಗನ್ನು ತಾವು ಕೇಳಿದ್ದರೆ ಕೆಲಸ ಬಿಟ್ಟು ಓಡಿಹೋಗುತ್ತಿದ್ದಿರಿ. ಓಣಿಯ ಪ್ರತಿ ಬಾಗಿಲಿನಿಂದಲೂ ಒಂದು ಮುಖ ಹೊರಬಂತು. ವಿದ್ಯಾಶ್ರೀ ಆಟೋದಿಂದ ಇಳಿಯಲಿಲ್ಲ, ತಲೆ ಮಾತ್ರ ಹೊರಗೆ ಹಾಕಿ ಮೇಲೆ ನೋಡಿ, ಜಗಳದ ದನಿಯಲ್ಲೂ ಅಲ್ಲ, ತಣ್ಣಗೆ ಅಂದಳು: "ಬೆಲ್ ಒತ್ತೀನಿ, ಸುಶ್ಮಿ. ಒತ್ತಿ ನಿಂತೀನಿ. ನಿಮ್ಮ ನಗಿ ಹೊರಗ ಕೇಳಾಕತ್ತಿತ್ತು."

ಬರಿಗಾಲಲ್ಲಿ ಮೆಟ್ಟಿಲು ಇಳಿದದ್ದು ಹೇಗೋ ಗೊತ್ತಿಲ್ಲ. ಕಂಕುಳಲ್ಲಿ ಕುಂಕುಮದಲ್ಲಿ ಮಿಂದ ಪಾರಿ, ಹಿಂದೆ ಸೌಟು ಹಿಡಿದ ಕಾಂಚನಾ. ಏನು ಹೇಳಬೇಕು? ಕೂಸು ಮಲಗಲೆಂದು ಬೆಲ್ಲಿನ ಸೆಲ್ ತೆಗೆದೆ ಎಂದರೆ ಯಾರು ನಂಬುತ್ತಾರೆ? ಸೆರಗಿನ ಗಂಟು ಬಿಚ್ಚಿ, ಆ ಸೆಲ್ಲುಗಳನ್ನು ಅಂಗೈ ಮೇಲೆ ಇಟ್ಟು ಅವಳ ಮುಂದೆ ಚಾಚಿದೆ, ಅಷ್ಟೇ. ಅವಳು ಸೆಲ್ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಮೊಟ್ಟಮೊದಲ ಸಲ ನನ್ನ ಮಗಳನ್ನು ನೋಡಿದಳು. ಬಸ್ಸಿನಲ್ಲಿ ಕಂಡಕಂಡವರ ತೊಡೆ ಏರಿ ಅಭ್ಯಾಸವಾದ ಪಾರಿ ಮುಲಾಜಿಲ್ಲದೆ ಅವಳ ಕಡೆ ಬಾಗಿ, ಒಂದು ಕೈಯನ್ನು ಅವಳ ಹಣೆಗೂ ಇನ್ನೊಂದನ್ನು ಕೆನ್ನೆಗೂ ಬಲವಾಗಿ ಒತ್ತಿದಳು. ಹಣೆಯ ಮೇಲೆ ಐದೂ ಬೆರಳು ಮೂಡಿದವು.

ಆಗ ಮುಂದಿನ ಸೀಟಿನಿಂದ ದಾದಾಪೀರನೇ ತೀರ್ಪು ಕೊಟ್ಟ: "ಕುಂಕುಮಾ ಹಚ್ಚಿ ಕರದಾತಲ್ರಿ ಅಕ್ಕಾರ. ಇನ್ನ ಇಳೀರಿ, ನನಗ ಬ್ಯಾರೆ ಬಾಡಿಗಿ ಐತಿ."

ವಿದ್ಯಾಶ್ರೀ ಇಳಿದಳು. ಪಾರಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಕಡೆ ನೋಡದೆ, ಅವಳ ಕಿವಿಯ ಹತ್ತಿರ, ಆದರೆ ನನಗೆ ಕೇಳುವಂತೆ ಅಂದಳು: "ನಿಮ್ಮವ್ವಗ ತಿಳೀಲಾರದ್ದು ನಿನಗ ತಿಳೀತು ನೋಡವಾ." ಆಮೇಲೆ ಮೆಟ್ಟಿಲ ಮೇಲೆ ಕೂತು ನಾನೂ ಅವಳೂ ಅತ್ತೆವು. ಕಾಂಚನಾ ಮಾತ್ರ ಹುಗ್ಗಿ ತಳ ಹಿಡಿಯುತ್ತದೆಂದು ಮೇಲೆ ಓಡಿದಳು. ಹುಗ್ಗಿ ತಳ ಹಿಡಿದೇ ಇತ್ತು, ನಾವು ಬಳಿದುಕೊಂಡು ತಿಂದೆವು. ಅವಳು ತಂದ ಕುಂಚಿಗೆ ಪಾರಿಯ ತಲೆಗೆ ಸ್ವಲ್ಪ ಸಣ್ಣದಾಯಿತು. ಹೋದ ತಿಂಗಳಾಗಿದ್ದರೆ ಸರಿಯಾಗುತ್ತಿತ್ತು ಎಂದು ಅವಳು ಅಂದಾಗ ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಹುಗ್ಗಿ ಹಾಕಿದೆ. ಸಂಜೆಯವರೆಗೆ ಪಾರಿ ವಿದ್ಯಾಶ್ರೀಯ ತೊಡೆ ಬಿಟ್ಟು ಕದಲದೆ ನಿದ್ದೆ ಮಾಡಿದಳು, ತಾವು ಗೋಡೆಯ ಮೇಲೆ ಹೊಟ್ಟೆ ಖಾಲಿ ಇಟ್ಟುಕೊಂಡು ನಮ್ಮ ಮಾತು ಕೇಳುತ್ತಿದ್ದಿರಿ.

ಇಷ್ಟೆಲ್ಲ ನಿವೇದಿಸಿಕೊಂಡ ಮೇಲೆ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ಇನ್ನು ಮುಂದೆ ಗುಂಡಿ ಒತ್ತಿದವರ ಮುಖ ನೋಡಿ, ಸಕ್ಕರೆ ತಂದವರಾದರೆ ಪಿಸುಗುಡಬೇಕು, ಸಿಟ್ಟು ಹೊತ್ತು ತಂದವರಾದರೆ ಸೆಲ್ ಇಲ್ಲದಿದ್ದರೂ ಗಂಟಲು ಹರಿಯುವಂತೆ ಕೂಗಬೇಕು. ಬೆಟಗೇರಿಯ ಅನ್ನ ತಿನ್ನುತ್ತಿರುವವರು ಬೆಟಗೇರಿಯ ಮಾತು ಕಲಿತು, ಬಾಗಿಲು ತೆರೆಯಿರಿ ಎಂದು ಒಳಗಿನವರನ್ನು ಬೇಡುವ ಬದಲು, ಬರ್ರಿ, ಕುಂಡ್ರಿ, ಚಹಾ ಕುಡೀರಿ ಎಂದು ಹೊರಗಿನವರನ್ನು ಕರೆಯಬೇಕು. ಇದಾವುದೂ ಸಾಧ್ಯವಿಲ್ಲವಾದರೆ ತಾವು ಯಾವುದಾದರೂ ಕಚೇರಿಗೆ ವರ್ಗ ಮಾಡಿಸಿಕೊಳ್ಳುವುದು ಒಳ್ಳೆಯದು. ಮಧ್ಯಾಹ್ನದ ಊಟವಾದ ಮೇಲೆ ಎಬ್ಬಿಸಬೇಕಾದವರು ಅಲ್ಲಿ ಬೇಕಾದಷ್ಟು ಜನ ಇರುತ್ತಾರೆ, ಅವರಲ್ಲಿ ಯಾರೂ ಕೈಗೂಸುಗಳಲ್ಲ. ಇಲ್ಲಿ ತಮ್ಮ ಜಾಗಕ್ಕೆ ಪಾರಿಯನ್ನು ಶಿಫಾರಸು ಮಾಡುತ್ತೇನೆ. ಅವಳಿಗೆ ಸೆಲ್ ಬೇಡ, ಗುಂಡಿ ಬೇಡ, ಓಣಿಯ ತುದಿಯವರೆಗೂ ಕೇಳುತ್ತದೆ, ಕರೆದವರು ಬಂದೇ ತೀರುತ್ತಾರೆ.

ಕೊಟ್ರೇಶ ಅವರಿಗೆ ಈ ಪತ್ರವನ್ನು ಗಟ್ಟಿಯಾಗಿ ಓದಿ ಹೇಳಬೇಕೆಂದು ವಿನಂತಿ. ಗಟ್ಟಿಯಾಗಿ ಓದುವುದು ತಮಗೆ ಕಷ್ಟವಾಗಲಾರದು.

ಗುಬ್ಬಿಗಳಿಗೂ ನಮಸ್ಕಾರ ತಿಳಿಸುತ್ತ,

ತಮ್ಮ ವಿಶ್ವಾಸಿ (ಸೆಲ್ಲಿನ ವಿಷಯವೊಂದನ್ನು ಬಿಟ್ಟು),
ಸುಶ್ಮಿತಾ, ಪಾರಿಯ ತಾಯಿ
ಲಕ್ಷ್ಮೇಶ್ವರ

ತಾಜಾ ಕಲಂ: ಊರಿಗೆ ಬಂದಂದಿನಿಂದ ಪಾರಿಗೆ ತಮ್ಮ ದನಿ ಕೇಳದೆ ನಿದ್ದೆಯೇ ಬರುವುದಿಲ್ಲ. ನನ್ನ ಯಜಮಾನರಾದ ವೀರು ದಿನವೂ ಜೋಳಿಗೆಯ ಪಕ್ಕ ಕೂತು ಹೆಣ್ಣುದನಿಯಲ್ಲಿ ಕೃಪಯಾ ದರವಾಜಾ ಖೋಲಿಯೇ ಎನ್ನುತ್ತಿದ್ದಾರೆ. ಅತ್ತೆಯವರು ಒಂದು ಸಲ ನಿಜಕ್ಕೂ ಎದ್ದು ಹೋಗಿ ಬಾಗಿಲು ತೆರೆದರು. ತಮ್ಮ ಸೆಲ್ಲುಗಳು ಈಗ ಪಾರಿಯ ಆಟಿಕೆಯ ಗಿಳಿಯಲ್ಲಿವೆ. ಆ ಗಿಳಿಗೆ ಬಾಯಿ ಮುಚ್ಚಿಸುವ ಗುಂಡಿಯೂ ಇದೆ.

ಮತ್ತೊಂದು: ಬರುವ ತಿಂಗಳು ಪಾರಿಯ ಜಾವಳ ತೆಗೆಸುವವರಿದ್ದೇವೆ. ಮುಂಡರಗಿಗೆ ನಾನೇ ಕುಂಕುಮ ಹಿಡಿದು ಹೋಗಿ ಬಂದಿದ್ದೇನೆ. ತಮಗೆ ಕೊಟ್ರೇಶ ಅವರ ಮೊಬೈಲಿಗೆ ಒಂದು ಕೈಮುಗಿದ ಗುರುತು ಕಳಿಸಿರುತ್ತೇನೆ. ಅದು ಕರೆದಂತೆ ಅಲ್ಲ ಎಂಬುದು ತಮಗೂ ಗೊತ್ತಿರಲಿ.